ಮೂಲೆಯ ಗುರುತು

ಮೂಗಿಗೆ ಗೊತ್ತಾದದ್ದು ನಾಲಿಗೆಗೆ ಗೊತ್ತಾಗಬಾರದು –
ಮದುವೆಯಾಗಿ ಬಂದ ಮೂರನೇ ದಿನ
ದುರ್ಗಿಗುಡಿಯ ಈ ಹನ್ನೆರಡಡಿ ಲಾಂಡ್ರಿಯಲ್ಲಿ
ಅತ್ತೆ ಹೊನ್ನಮ್ಮ ಹೇಳಿಕೊಟ್ಟ ಮೊದಲ ಪಾಠ.
ಎರಡನೆಯದು: ತಣ್ಣೀರು.

ಬಿಸಿನೀರು ಹೊಯ್ದೆಯೋ, ಕೆಟ್ಟೆ.
ಉಚ್ಚೆ ನೂಲಿನೊಳಗೆ ಸಂಸಾರ ಹೂಡುತ್ತದೆ,
ಬಾಡಿಗೆ ಕೊಡುವುದಿಲ್ಲ, ಮನೆ ಬಿಡುವುದೂ ಇಲ್ಲ.
ಮೊದಲು ನಲ್ಲಿ ಕೆಳಗೆ ಹಿಡಿ,
ನೀರು ಬಟ್ಟೆಯ ಬೆನ್ನಿಂದ ಹೊಕ್ಕು ಹೊಟ್ಟೆಯಿಂದ ಬರಲಿ.
ಹಿಂಡು. ಮತ್ತೆ ಹಿಡಿ.

ಅವಳ ಕಾಲಕ್ಕೆ ತುಂಗೆಯ ಕಲ್ಲು, ಚೌಳು ಮಣ್ಣು, ನಿಂಬೆಹುಳಿ.
ನನ್ನ ಕಾಲಕ್ಕೆ ಬಿಳಿ ವಿನೆಗರಿನ ಐದು ಲೀಟರ್ ಕ್ಯಾನು –
ಒಂದು ಪಾಲಿಗೆ ನಾಲ್ಕು ಪಾಲು ನೀರು,
ಆರಕ್ಕೆ ಅದ್ದಿದರೆ ಏಳರ ವಾರ್ತೆ ಬರುವ ತನಕ.
ತೊಳೆದು, ಆಮೇಲೆ ಅಡುಗೆ ಸೋಡಾ, ಆಮೇಲೆ ಸೋಪು.
ಬ್ಲೀಚಿಂಗ್ ಪುಡಿ ಮಾತ್ರ ಬೇಡ.
ಒಂದು ಸಲ ಹಾಕಿ ನೋಡಿದ್ದೇನೆ:
ಕಣ್ಣಿಗೆ ಮೆಣಸಿನಕಾಯಿ, ಎದೆಗೆ ಗರಗಸ.
ಆ ಘಮಘಮ ನೀಲಿ ದ್ರವವೂ ಅಷ್ಟೇ,
ಅತ್ತರು ಪೂಸಿಕೊಂಡು ಬಂದರೆ ಸಾಲಗಾರ ನೆಂಟನಾಗುತ್ತಾನಾ?

ಬಿಸಿಲಲ್ಲಿ ಒಣಗಿದಾಗ ಎಲ್ಲರೂ ಸಾಚಾ.
ನೀರು ಚಿಮುಕಿಸಿ ಇದ್ದಿಲ ಪೆಟ್ಟಿಗೆ ಊರಿದೆನೋ,
ಸುಯ್ಯೆಂದು ಏಳುವ ಹಬೆಯೊಳಗೆ
ಹೋದ ಗುರುವಾರದ ರಾತ್ರಿ ಎದ್ದು ಕೂರುತ್ತದೆ.
ಅದಕ್ಕೇ, ಒಣಗಿದ್ದನ್ನು ಮೂಸಿ ನಂಬಬೇಡ,
ಒದ್ದೆ ಮಾಡಿ ಮೂಸು.
ಇದು ಮೂರನೇ ಪಾಠ, ನಾನೇ ಕಲಿತದ್ದು.

ಹೀಗೆ ನನಗೆ ಮೂಗಿನಲ್ಲೇ ಅರ್ಧ ಪೇಟೆಯ ಪರಿಚಯ.
ಕೋರ್ಟಿನಲ್ಲಿ ಗುಡುಗುವ ವಕೀಲ ಗುರುಶಾಂತಪ್ಪನವರ
ಮಂಗಳವಾರದ ಗಂಟಿಗೆ ಮೂರು ಗಂಟು.
ಗಂಟು ಬಿಗಿಯಾದಷ್ಟೂ ಒಳಗಿರುವುದು ಮೆತ್ತಗೆ.
ನರ್ಸಿಂಗ್ ಹಾಸ್ಟೆಲಿನ ಹುಡುಗಿಯೊಬ್ಬಳು
ಬೆಳಗಾಗುವ ಮೊದಲೇ ಹೊದಿಕೆಯನ್ನು ಪೇಪರಿನಲ್ಲಿ ಸುತ್ತಿ ತಂದು
'ಅಕ್ಕಾ, ಟೀ ಚೆಲ್ಲಿತು' ಅಂದಳು.
'ಟೀ ಕಲೆಗೆ ಹತ್ತು ರೂಪಾಯಿ ಜಾಸ್ತಿ' ಅಂದೆ.
ಅವಳ ಮುಖ ಎಷ್ಟು ಹಗುರಾಯಿತು ಅಂದರೆ
ಆ ಹತ್ತನ್ನು ಇಸಕೊಳ್ಳಲೇಬೇಕಾಯಿತು.

ಬಟ್ಟೆ ಅದಲುಬದಲಾಗಬಾರದಲ್ಲ,
ಒಂದೊಂದು ಮನೆಗೂ ಮೂಲೆಯಲ್ಲಿ ಕೆಂಪು ದಾರದ ಗುರುತು.
ವಕೀಲರಿಗೆ ಕೊಕ್ಕೆ, ಹಾಸ್ಟೆಲಿಗೆ ಎರಡು ಗೀಟು,
ಬೇಕರಿ ಸಾಹೇಬರಿಗೆ ಗುಣಾಕಾರ.
ಎಲ್ಲ ಹೊನ್ನಮ್ಮ ಹಾಕಿದ ಹೊಲಿಗೆ.
ಪೊರೆ ಬಂದು ಕಣ್ಣು ಮಸುಕಾದರೂ
ಬೆರಳಲ್ಲಿ ತಡವಿ ಹೇಳುತ್ತಾಳೆ, ಇದು ಇಂಥವರ ಮನೆಯದು.
ನಮ್ಮ ಬಟ್ಟೆಗೆ ಗುರುತಿಲ್ಲ.
ನಮ್ಮದು ನಮಗೆ ಗೊತ್ತಿರುತ್ತದೆ.

ಯುಗಾದಿ ಕಳೆದ ಮೇಲೆ ಶುರುವಾದದ್ದು.
ಅವಳು ಏಳುವುದರೊಳಗೆ ಬಟ್ಟೆ ಬದಲಿಸಿ,
ಹಾಸಿಗೆಯ ವಸ್ತ್ರ ಎಳೆದುಕೊಂಡು ಬಂದು ತೊಟ್ಟಿಗೆ ಹಾಕುತ್ತೇನೆ.
ಗಂಡನಿಗೂ ಹೇಳಿಲ್ಲ.
ನಿನ್ನೆ ಮಾತ್ರ ತಡವಾಯಿತು.
ಕೋಲೂರಿಕೊಂಡು ಕೊಟ್ಟಿಗೆಯಂಥ ಹಿತ್ತಲಿಗೆ ಬಂದು,
ಮೂಗು ಅರಳಿಸಿ ಕೇಳಿದಳು:
'ಯಾರ ಮನೇದೇ?'
'ಮೇಲಿನ ಬೀದಿಯವರದ್ದು. ಹೊಸ ಗಿರಾಕಿ.'
'ಪಾಪ. ಬಿಸಿನೀರು ಹಾಕೀಯ ಮತ್ತೆ.'
'ಇಲ್ಲತ್ತೆ.'
'ಯಾರ ಹತ್ತಿರವೂ ಆಡಬೇಡ.'
'ಇಲ್ಲ.'

ಸಂಜೆ ಒಣಗಿದ ರಾಶಿಯ ಮುಂದೆ ಕೂತು
ಎಂದಿನಂತೆ ಮಡಿಸತೊಡಗಿದಳು.
ಕೊಕ್ಕೆ ಒಂದು ಕಡೆ, ಗೀಟು ಒಂದು ಕಡೆ.
ಆ ವಸ್ತ್ರ ಕೈಗೆ ಬಂತು.
ಒಂದು ಮೂಲೆ ತಡವಿದಳು.
ಇನ್ನೊಂದು.
ಮೂರನೆಯದು. ನಾಲ್ಕನೆಯದು.
ನಾನು ಪೆಟ್ಟಿಗೆಯ ಬೂದಿ ಊದುತ್ತಿದ್ದೆ, ಊದುತ್ತಲೇ ಇದ್ದೆ.

ಬಟ್ಟಲಲ್ಲಿ ಬೆರಳದ್ದಿ ಅದಕ್ಕಿಷ್ಟು ನೀರು ಚಿಮುಕಿಸಿ
ಮೂಗಿನ ಹತ್ತಿರ ಹಿಡಿದಳು, ಸ್ವಲ್ಪ ಹೊತ್ತು.

'ಚೆನ್ನಾಗಿ ಹೋಗಿದೆ' ಅಂದಳು,
ಗಿರಾಕಿಗಳ ಬಟ್ಟೆಯ ಜೊತೆಯಲ್ಲೇ ಇಟ್ಟಳು.