ಹೆಬ್ಬೆಟ್ಟಿನ ಉಗುರು

"ನಾಳೆ ಬರುವಾಗ ಒಂದೊಂದು ಗಿಡ ತರ್ರಿ, ಬೇರು ಸಮೇತ"
ಅಂದಿದ್ದೆ. ಅದೇ ತಪ್ಪಾಯಿತು.
ಬೆಳಗಾದರೆ ಐದನೇ ಕ್ಲಾಸಿನ ತುಂಬ ಎರೆಮಣ್ಣು.
ಮೌಲಪ್ಪ ಕರಿಕೆಯ ಬುಡ ಕಿತ್ತು ತಂದಿದ್ದ,
ಅರ್ಧ ಹೊಲವೇ ಜೋತುಬಿದ್ದಿತ್ತು ಅದಕ್ಕೆ.
ಶರಣಬಸು ತಂದದ್ದು ಮೂಲಂಗಿ;
ದಾರಿಯಲ್ಲೇ ಬೇರು ತಿಂದು ಮುಗಿಸಿ
ಎಲೆಯೊಂದನ್ನು ನನ್ನ ಮುಂದೆ ಹಿಡಿದಿದ್ದ.

"ಬೇರಿನ ಕೆಲಸ ಏನೋ?"
"ನೀರು ಕುಡಿಯೋದ್ರಿ ಸರ. ಮತ್ತ
ನಮ್ಮಪ್ಪನ ಕೂಡ ಜಗ್ಗಾಡೋದ್ರಿ."
ಮೌಲಪ್ಪನ ಉತ್ತರಕ್ಕೆ ಪೂರ್ತಿ ಅಂಕ.

ಎಲೆ ಅಡಿಗೆಮನೆ, ಬಿಸಿಲೇ ಒಲೆ ಅಂದೆ.
"ಹಂಗಾರ ನಮ್ಮೂರಾಗ ಎಲಿಗೆ
ಕಟಗಿ ಕೊರತಿ ಇಲ್ಲ ಬಿಡ್ರಿ" ಅಂದಳು ಹುಸೇನಬಿ.
ಕಾಂಡ ಅಂದರೆ ಯಾರಿಗೂ ತಿಳಿಯಲಿಲ್ಲ.
ಜೋಳದ ದಂಟು ಮುರಿದು ಕೊಟ್ಟೆ. ಜಗಿದರು.
ಬಾಯೊಳಗೆ ರಸ ಇಳಿಯುತ್ತಿರುವವರಿಗೆ
ಸಾಗಣೆಯ ಮಾತು ಇನ್ನೇನು ಹೇಳುವುದು!

ಉಳಿದದ್ದು ಹೂವು.
ಗೋಡೆಯ ಪಟದಲ್ಲಿ ದಾಸವಾಳ,
ನಮ್ಮೂರಲ್ಲಿ ಒಂದೂ ಇಲ್ಲದ ಹೂವು.
"ಇದು ಹತ್ತಿ ಹೂವಿನ ಅಕ್ಕ ಇದ್ದಂಗ ಐತ್ರಿ"
ಹಿಂದಿನ ಸಾಲಿನಿಂದ ಬಂತು ಮಾತು.
ಯಮನವ್ವ.
ಹಾಜರಿ ಪುಸ್ತಕದಲ್ಲಿ ನಾಗರಪಂಚಮಿಯ ಆಚೆ
ದಸರೆಯ ತನಕ ಅವಳ ಹೆಸರಿನ ಮುಂದೆ ಬರೀ ಗೈರು.

ಲಂಗದ ಮಡಿಲಲ್ಲಿ ಎರಡು ಹತ್ತಿ ಮೊಗ್ಗು, ಅರಳಿದ ಒಂದು ಹೂವು.
"ಬೇರು ಎಲ್ಲಿ?"
"ಕಿತ್ರ ಪ್ಲಾಟಿನ ಮಾಲಕ ಬೈತಾನ್ರಿ."

ಮುಂದೆ ಬಂದಳು. ಎಡ ಹೆಬ್ಬೆಟ್ಟಿನ ಉಗುರು
ಮೊಗ್ಗಿನ ಬುಡಕ್ಕೆ ಒತ್ತಿ ಒಂದು ಸುತ್ತು ತಿರುಗಿಸಿದಳು.
ಕೂಸಿನ ಕುಲಾಯಿ ತೆಗೆದ ಹಾಗೆ
ದಳ, ಅದರೊಳಗಿನ ಹಳದಿ ಕಾಳು ಕಾಳು ಪುಡಿ,
ಎಲ್ಲ ಒಮ್ಮೆಗೇ ಬಂದವು.
ನಡುವೆ ಉಳಿಯಿತು ಬೆಳ್ಳನೆಯ ಒಂದು ಕಡ್ಡಿ.

"ಇದು ಗಂಡು, ತಗದು ಒಗಿಯೋದು.
ಇದು ಹೆಣ್ಣು ಕಡ್ಡಿ, ಮುರೀಬಾರದು.
ಕೆಳಗ ಕಾಯಿ ಕುಂತೈತಿ, ಉಗುರು ತಾಕ್ತಂದ್ರ ಕೂಲಿ ಕಟ್.
ಸಂಜಿಮುಂದ ಇಷ್ಟು.
ಮುಂಜಾನಿ ಇಬ್ಬನಿ ಆರಿದ ಮ್ಯಾಲೆ
ಆ ಕಡಿ ಸಾಲಿನ ಹೂವು ತಂದು
ಮೂತಿಗೆ ಮೂತಿ ತಾಕಿಸೋದು, ದಾರ ಕಟ್ಟೋದು.
ಒಂದು ಗಂಡಿಗೆ ಐದು ಹೆಣ್ಣು ರೀ."

ಯಾರೂ ನಗಲಿಲ್ಲ.
ಹತ್ತೊಂಬತ್ತು ವರ್ಷ ಕೇಸರ, ಶಲಾಕೆ, ಅಂಡಾಶಯ
ಎಂದು ಹಲಗೆಯ ಮೇಲೆ ಬರೆಯುತ್ತ ಬಂದವನು ನಾನು
ಸುಣ್ಣದ ಕಡ್ಡಿ ಹಿಡಿದು ಅವಳ ಬೆನ್ನ ಹಿಂದೆ ನಿಂತೆ.
ಅವಳು ತೋರಿಸಿದ್ದಕ್ಕೆ ನಾನು ಹೆಸರು ಬರೆದೆ.
ಹೆಸರುಗಳನ್ನು ಅವಳು ಒಂದೊಂದಾಗಿ ಕೂಡಿಸಿ ಓದಿದಳು.
"ಅಂ-ಡಾ-ಶ-ಯ" ಅಂದು, ಆ ಕಾಯಿಗಾ ಇಷ್ಟು ದೊಡ್ಡ ಹೆಸರು
ಎನ್ನುವ ಹಾಗೆ ನೋಡಿದಳು.

ಸೋಮವಾರದ ಪ್ರಾರ್ಥನೆಯ ಸಾಲಲ್ಲಿ
ಉಗುರು ನೋಡುವವನು ನಾನೇ.
"ಒಂಬತ್ತು ಕತ್ತರಿಸೀದಿ, ಇದೊಂದು ಯಾತಕ್ಕ ಸಾಕೀದಿ?"
ಹೋದ ವರ್ಷ ಅದೇ ಹೆಬ್ಬೆಟ್ಟಿಗೆ
ಅಳತೆಪಟ್ಟಿಯಿಂದ ಎರಡು ಹೊಡೆದಿದ್ದೆ.
ಆಗ ಅವಳು ಏನೂ ಅಂದಿರಲಿಲ್ಲ.

ಅರಳಿದ ಹೂವನ್ನು ಚಹಾದ ಗ್ಲಾಸಿನ ನೀರಲ್ಲಿಟ್ಟು ಹೋದೆವು.
ಮರುದಿನ ಬಾಗಿಲು ತೆಗೆದರೆ
ಕೆನೆಬಣ್ಣ ಹೋಗಿ ಗುಲಾಬಿ ತಿರುಗಿತ್ತು.
"ಯಾಕ್ರಿ ಸರ?" ಎಂದವು ಮಕ್ಕಳು.
ಪುಸ್ತಕದಲ್ಲಿ ಹುಡುಕಿದೆ, ಇರಲಿಲ್ಲ.
"ಅದರ ಪಾಳಿ ಮುಗೀತ್ರಿ" ಅಂದಳು ಯಮನವ್ವ.

ಸೋಮವಾರ ಬಂತು. ಸಾಲು. ಚಾಚಿದ ಕೈಗಳು.
ಅವಳ ಹೆಬ್ಬೆಟ್ಟಿನ ಉಗುರು ಇರಲಿಲ್ಲ.
ಬ್ಲೇಡಿನಲ್ಲಿ ಕೊಯ್ದದ್ದು, ಅಂಚು ಸೊಟ್ಟ,
ಒಂದು ಕಡೆ ಚರ್ಮಕ್ಕೂ ತಾಕಿತ್ತು.

"ಇನ್ನ ದಿನಾ ಬರ್ತೀಯೇನವ್ವ?"
"ಹೂಂ ರೀ."
"ಎಲ್ಲೀಮಟ?"
ಕೈ ಹಿಂದಕ್ಕೆ ಎಳೆದುಕೊಂಡಳು.
"ಉಗುರು ಬೆಳೆಯೋಮಟ ರೀ."