ಒಂದು ಬೆರಳು ಸಂದು

ಹಗಲೆಲ್ಲ ನನ್ನ ಕೆಲಸ ಚಳಿಯನ್ನು ಕಾಯುವುದು.
ಮಾರ್ಕೆಟ್ ಯಾರ್ಡಿನ ಹಿಂದೆ, ಬಟಾಣಿ ಕೋಣೆಯಲ್ಲಿ,
ಸೊನ್ನೆಗಿಂತ ಹದಿನೆಂಟು ಕೆಳಗೆ,
ಬಾಗಿಲ ರಬ್ಬರು ಎಲ್ಲಿ ಸೀಳಿದೆ,
ಹಲಗೆಯ ಕೂಡುಗೆರೆ ಎಲ್ಲಿ ಬೆವರಿದೆ,
ಅಂಗೈ ಇಟ್ಟು ಹುಡುಕುತ್ತೇನೆ.
ತಪ್ಪಿದರೆ ಬಟಾಣಿ ಮೂಟೆಗೆ ಹಿಮದ ಮೀಸೆ,
ಬೋರಾಟೆ ಸೇಠರ ಬಾಯಲ್ಲಿ ನಾನು, ನನ್ನ ಊರು, ಎಲ್ಲ.

ಸಂಜೆ ಕಾತ್ರಜಿನ ಮೂರನೇ ಮಹಡಿ ಹತ್ತಿದರೆ
ಕಾದಿರುತ್ತದೆ ಬಿಸಿಯ ಲೆಕ್ಕ:
"ಅಪ್ಪಾ, ಇಪ್ಪತ್ತೊಂದಕ್ಕ ಇಳದದ."

ಮೂರು ಸನ್ಯಾಸಿ ಏಡಿ. ಹೆಸರಿಗಷ್ಟೇ ಸನ್ಯಾಸ,
ಬೆನ್ನ ಮೇಲೆ ಮನೆ ಹೊತ್ತು ತಿರುಗುವ ಸಂಸಾರಿಗಳು.
ಖರೇ ಅಂದರೆ ಬಾಡಿಗೆದಾರರು, ನಮ್ಮ ಹಾಗೆ.
ಮೈ ಬೆಳೆದರೆ ಮತ್ತೊಂದು ಶಂಖ ನೋಡಬೇಕು,
ಡಿಪಾಸಿಟ್ ಇಲ್ಲ, ಅಷ್ಟೇ.

ಮೇ ರಜೆಯಲ್ಲಿ ಮುಂಬಯಿಯ ಅತ್ತೆ ಕೊಡಿಸಿದ್ದು.
ಆಗ ಏನೂ ಬೇಡಿರಲಿಲ್ಲ ಅವು.
ಡಿಸೆಂಬರಿನಲ್ಲಿ ಪುಣೆಯ ಚಳಿ ಶಹಾಬಾದಿ ಹಾಸಿನಿಂದ ಎದ್ದು
ಮಂಚದ ಕಾಲು ಹಿಡಿದು ಹತ್ತತೊಡಗಿತು.
ಸುಗಲಾ ಮೊದಲು ಅಜ್ಜಿಯ ಕೌದಿ ಹೊದಿಸಿದಳು.
ಬೆಳಿಗ್ಗೆ ಕೌದಿ ಒದ್ದೆ, ಗಾಜು ಕುರುಡು,
ಎರಡು ಏಡಿ ಮುಚ್ಚಳಕ್ಕೆ ಜೋತುಬಿದ್ದಿದ್ದವು.
ಆಮೇಲೆ ಒಳಗೇ ಥರ್ಮಾಕೋಲು ನಿಲ್ಲಿಸಿದಳು.
ಅವು ಚಿವುಟಿ, ಚಿವುಟಿ
ಅನ್ನದ ಅಗಳಿನಂತೆ ಬಾಯಿಗಿಟ್ಟುಕೊಂಡವು.

ತಡಿ, ಅಂದೆ. ಇದು ನನ್ನ ವಿದ್ಯೆ.

ಎಲ್ಲಾ ಹೊರಗಿನಿಂದ:
ಹಿಂದೆ, ಎರಡು ಮಗ್ಗುಲು, ತಳ.
ಹಳೇ ಕೋಣೆ ಒಡೆದಾಗ ಉಳಿದ ಫೋಮಿನ ತುಂಡು,
ಪುಡಿ ಉದುರದಂತೆ ಅಂಚಿಗೆ ಬೆಳ್ಳಿ ಟೇಪು.
ಬಿಸಿ ಚಾಪೆ ಮರಳಿನ ಕೆಳಗೆ ಬೇಡ,
ಹೂತು ಮಲಗಿದವ ಬೆಂದುಹೋದಾನು;
ಹಿಂದಿನ ಗಾಜಿಗೆ, ಮರಳಿಗಿಂತ ಮೇಲೆ.
ಅದರ ಬೆನ್ನಿಗೆ ಹಲಗೆ ತಾಗಕೂಡದು,
ಫೋಮು ಬೆಂಕಿಗೆ ಹತ್ತಿರದ ನೆಂಟ.
ಮುಂದಿನ ಗಾಜು ಬರಿದೇ ಇರಲಿ, ಸುಗಲಾಳ ಕಣ್ಣಿಗೆ.
ಮುಚ್ಚಳದಲ್ಲಿ ಒಂದು ಬೆರಳು ಸಂದು.

"ಅಲ್ಲಿಂದ ಬಿಸಿ ಹೋಗೂದಿಲ್ಲೇನು?"
ಹೋಗತದ.
"ಮತ್ತ?"

ಇಪ್ಪತ್ತೆರಡು ವರ್ಷ ಸಂದು ಮುಚ್ಚಿದ ಕೈ ನನ್ನದು.
ಬಿಡುವುದನ್ನು ಯಾರೂ ಕಲಿಸಿರಲಿಲ್ಲ.
ಉಸಿರಾಡಬೇಕಲ್ಲ, ಅಂದೆ,
ಬಟಾಣಿಗೆ ಇಲ್ಲದ ಕಷ್ಟ.

ಹಲಗೆಯನ್ನು ಜನ ತಪ್ಪು ತಿಳಿಯುತ್ತಾರೆ.
ಅದು ಬಿಸಿ ಕೊಡುವುದಿಲ್ಲ, ತಂಪೂ ಕೊಡುವುದಿಲ್ಲ.
ಹೊರಟು ನಿಂತದ್ದನ್ನು ಹೊಸ್ತಿಲಲ್ಲಿ ಹಿಡಿದು
ಕೂಡ್ರು ಮಾರಾಯಾ, ಚಾ ಕುಡಿದು ಹೋಗು, ಅನ್ನುತ್ತದೆ.
ಹೋಗುವುದು ಹೋಗುತ್ತದೆ.
ಚಾ ಆರುವವರೆಗೆ ಇರುತ್ತದೆ.

ಸಂಕ್ರಾಂತಿಗೆ ಎರಡು ದಿನ ಇದ್ದಾಗ
ರಾತ್ರಿ ಹನ್ನೆರಡಕ್ಕೆ ಕರೆಂಟು ಹೋಯಿತು.
ಮೊಬೈಲಿನ ಬೆಳಕಲ್ಲಿ ಅವಳು ಓದಿದಳು:
ಇಪ್ಪತ್ತಾರು. ಬಹಳ ಹೊತ್ತು ಇಪ್ಪತ್ತಾರು.
ಆಮೇಲೆ ಇಪ್ಪತ್ತೈದು.
ಗ್ಯಾಸಿನ ಮೇಲೆ ನೀರು ಕಾಯಿಸಿ, ಬಾಟಲಿಗೆ ಸುರಿದು,
ಗಾಜು ಬಿರಿಯದಂತೆ ಅದಕ್ಕೆ
ನನ್ನ ಕೆಲಸದ ಉಣ್ಣೆ ಕಾಲುಚೀಲ ತೊಡಿಸಿ
ಗಾಜಿಗೂ ಹಲಗೆಗೂ ನಡುವೆ ನಿಲ್ಲಿಸಿದೆವು.
ತಾಸಿಗೊಮ್ಮೆ ಬದಲಿಸಿದೆವು.
ಬರಿಗಾಲಲ್ಲಿ ನಾನು
ಶಹಾಬಾದಿಯ ಮೇಲೆ ಕುಣಿಯುತ್ತಿದ್ದುದನ್ನು
ಒಂದು ಏಡಿ ಎರಡೂ ಕಣ್ಣು ಎತ್ತಿ ನೋಡಿತು.

ನಾಲ್ಕಕ್ಕೆ ಕರೆಂಟು ಬಂತು. ಇಪ್ಪತ್ತನಾಲ್ಕು.
ಕಾಣುವವು ಎರಡು.
ಮೂರನೆಯದು ಮರಳೊಳಗೆ ಹೋಗಿ ನಲವತ್ತು ದಿನ,
ಹಳೇ ತೊಗಲು ಕಳಚುತ್ತಿದೆಯೋ, ಏನೋ.
ಅಗೆದು ನೋಡಬಾರದು.
ಸತ್ತಿದ್ದರೆ ಮೀನು ಕೊಳೆತ ವಾಸನೆ ಬರುತ್ತದೆ,
ಅಷ್ಟೇ ಸುಳಿವು.

ಸುಗಲಾ ಸಂದಿಗೆ ಮೂಗು ಒತ್ತಿ ಕಣ್ಣು ಮುಚ್ಚಿದಳು.
"ಬರೇ ಸಮುದ್ರದ್ದು," ಅಂದಳು.
ನಾನೂ ಬಗ್ಗಿದೆ.
ನನಗೆ ಬಂದದ್ದು ಬಟಾಣಿ,
ಮುಚ್ಚಳ ಹಿಡಿದಿದ್ದ ನನ್ನದೇ ಬೆರಳಿನದು.