ಒಂದೂವರೆ ಲೋಡು

ಬಚ್ಚಲು ಒಡೆಸಿದ ಕಲ್ಲುಮಣ್ಣಿಗೆ
ಹಾಲೇಶನ ಟ್ರೇಲರು ಬಾಡಿಗೆಗೆ ಹೇಳಿದೆ.
ಒಂದು ರಾತ್ರಿ, ಒಂದು ಲೋಡು, ಸಾವಿರದಿನ್ನೂರು.
ಗೋಪಾಳದ ನಮ್ಮ ಅಡ್ಡರಸ್ತೆಯಲ್ಲಿ ಬಿಟ್ಟು
ಎಂಜಿನ್ನು ಬಿಚ್ಚಿಕೊಂಡು ಹೋದ.
ಟ್ರೇಲರು ಮೂತಿ ನೆಲಕ್ಕೂರಿ ನಿಂತಿತು.

ಸಂಜೆಗೆ ಅರ್ಧ ತುಂಬಿತ್ತು:
ಗುಲಾಬಿ ಟೈಲ್ಸು, ಹಂಡೆ ಒಲೆಯ ಇಟ್ಟಿಗೆ.
ಮಸಿ ಇನ್ನೂ ಕೈಗೆ ಹತ್ತುತ್ತಿತ್ತು.

ಬೆಳಗ್ಗೆ ನೋಡಿದರೆ ಗೋಪುರ!
ಎದುರುಮನೆಯ ಸೀಳಿದ ಕಮೋಡು,
ಡಿಸೋಜ ಟೀಚರ ಕಾಲಿಲ್ಲದ ಟೀಪಾಯಿ,
ಯಾರೊಂದಿಗೂ ಮಾತಾಡದ ಮೂಲೆಮನೆಯವರದು
ನಡುವೆ ಮುರಿದ ಜೋಡಿಮಂಚ.

"ಒಂದೂವರೆ ಆಯ್ತಲ್ರೀ," ಹಾಲೇಶ ತಲೆ ಕೆರೆದ,
"ಈ ಅರ್ಧ ಯಾರ್ದು?"
ಬೀದಿಯ ಕಿಟಕಿಗಳೆಲ್ಲ ಅರೆತೆರೆದಿದ್ದವು.
ನಂದೇ, ಅಂದೆ.

ಹಗ್ಗ ಬಿಗಿಯುವಾಗ ಮಾತ್ರ
ಮೂಲೆಮನೆಯಾತ ಚಪ್ಪಲಿಯನ್ನೂ ಮೆಟ್ಟದೆ ಬಂದು
ಆ ತುದಿ ಹಿಡಿದುಕೊಂಡ.